ಶಾರವ್ವ ಹೇಳಿದ ಸಾಕ್ಷಿ

ನಾನು ಬಾಗಲಕೋಟೆಯಲ್ಲಿ ವಕೀಲಿ ಮಾಡುತ್ತೇನೆ. ಹೆಸರು ಜಾಸ್ಮಿನ, ಹುಟ್ಟೂರು ಕೆರೂರ. ಈ ಹದಿಮೂರು ವರ್ಷಗಳಲ್ಲಿ ನನ್ನ ಹೆಚ್ಚಿನ ದಿನಗಳು ಕಳೆದದ್ದು ಕುಟುಂಬ ನ್ಯಾಯಾಲಯದಲ್ಲಿ. ಗೆದ್ದ ಕೇಸುಗಳಿವೆ, ಸೋತವೂ ಇವೆ. ಗೆದ್ದವುಗಳಲ್ಲಿ ಬಹಳಷ್ಟು ಈಗ ನೆನಪಿಲ್ಲ. ಗುಳೇದಗುಡ್ಡದ ಶಾರವ್ವನನ್ನು ಮಾತ್ರ ಮರೆಯಲಾಗಿಲ್ಲ. ಅವಳ ಪರವಾಗಿ ಕರಿ ಕೋಟು ಹಾಕಿಕೊಂಡು ನಿಂತಿದ್ದೆ ಎಂದು ಹೇಳಿಕೊಳ್ಳುವಾಗ ಇವತ್ತಿಗೂ ನನ್ನ ದನಿ ಸ್ವಲ್ಪ ಏರುತ್ತದೆ.

ಅವಳು ಮೊದಲ ಸಲ ನವನಗರದ ನನ್ನ ಆಫೀಸಿಗೆ ಬಂದದ್ದು ಯುಗಾದಿಯಾದ ಮೇಲಿನ ಬಿಸಿಲಿನಲ್ಲಿ. ಮೂವತ್ತೆಂಟು ವರ್ಷದ, ತೆಳ್ಳಗಿನ, ನೆಟ್ಟಗೆ ಕೂರುವ ಹೆಣ್ಣುಮಗಳು. ಜೊತೆಗೆ ಅಣ್ಣ ಅಂದಾನಪ್ಪ ಇದ್ದ. ಕೋರ್ಟಿನಿಂದ ಬಂದ ನೋಟೀಸನ್ನು ಅವಳು ಮೇಜಿನ ಮೇಲಿಟ್ಟು, ಅದರ ಮಡಿಕೆಗಳನ್ನು ಅಂಗೈಯಿಂದ ಸರಿಮಾಡಿದಳು.

"ಇದರಾಗ ಏನ್ ಬರದಾರ ನನಗ ಗೊತ್ತೈತ್ರಿ ಅಕ್ಕಾರ. ನಾಕು ಸಲ ಓದೀನಿ. ಕೂಸನ್ನ ಅದರ ಅಪ್ಪಗ ಕೊಡಬೇಕಂತ. ಕೊಡಬೇಕಾಗ್ತದೋ ಇಲ್ಲೋ, ಅದೊಂದು ಹೇಳ್ರಿ."

"ಮೊದಲ ಎಲ್ಲಾ ಹೇಳ್ರಿ ಶಾರವ್ವಕ್ಕ. ಕೂಸು ಯಾರದು, ನಿಮ್ಮ ಹಂತ್ಯಾಕ ಹೆಂಗ ಬಂತು?" ಎಂದೆ.

ಅವಳು ಹೇಳಿದಳು. ಕೆಲವನ್ನು ಆವತ್ತು, ಕೆಲವನ್ನು ಮುಂದೆ ತಾರೀಖಿಗೆ ತಾರೀಖಿಗೆ ಕೋರ್ಟಿನ ಬೆಂಚಿನ ಮೇಲೆ ಕಾಯುತ್ತ ಕೂತಾಗ.

ಗುಳೇದಗುಡ್ಡದಲ್ಲಿ ಅವರದು ರವಿಕೆಯ ಖಣ ನೇಯುವ ಮನೆ. ಪಡಸಾಲೆಯಲ್ಲೇ ಮಗ್ಗ, ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವುದು. ಶಾರವ್ವ ಏಳನೇ ಇಯತ್ತೆ ಮುಗಿಸಿ ಆ ಕುಣಿಗಿಳಿದವಳು. ಅವಳಿಗೆ ಹತ್ತೊಂಬತ್ತಾದಾಗ ಅಪ್ಪ ತೀರಿಕೊಂಡ, ಎರಡು ವರ್ಷ ಬಿಟ್ಟು ಅವ್ವನೂ ಹೋದಳು. ಅಂದಾನಪ್ಪ ಆಗಲೇ ಬೇರೆ ಮನೆ ಮಾಡಿದ್ದ. ಉಳಿದವರು ಶಾರವ್ವ ಮತ್ತು ಅವಳಿಗಿಂತ ಆರು ವರ್ಷ ಚಿಕ್ಕವಳಾದ ತಂಗಿ ಸುನಂದಾ. ತಾನು ಬಿಟ್ಟ ಸಾಲಿಯನ್ನು ತಂಗಿ ಬಿಡಬಾರದು ಎಂದು ಶಾರವ್ವ ಹಟ ಹಿಡಿದಳು. ಸುನಂದಾ ಪಿಯುಸಿ ಪಾಸಾದ ದಿನ ಓಣಿಗೆಲ್ಲ ಸಕ್ಕರೆ ಹಂಚಿದ್ದಳಂತೆ.

ಸುನಂದಾಳನ್ನು ಇಳಕಲ್ಲಿನ ನಾಗಲಿಂಗನಿಗೆ ಕೊಟ್ಟರು. ಗ್ರಾನೈಟ್ ಕಲ್ಲಿಗೆ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಕುಡಿತವಿಲ್ಲ, ಜಗಳವಿಲ್ಲ, ಮಾತೂ ಕಡಿಮೆ. ಒಂದೂವರೆ ವರ್ಷಕ್ಕೆ ಹೆಣ್ಣುಮಗು ಹುಟ್ಟಿತು. ಬಾದಾಮಿಯ ಅಮ್ಮನ ಹೆಸರು, ಬನಶಂಕರಿ ಎಂದಿಟ್ಟರು. ಮಗುವಿಗೆ ನಾಲ್ಕು ತಿಂಗಳಿದ್ದಾಗ ಸುನಂದಾಳಿಗೆ ಜ್ವರ ಬಂತು. ಅದು ಮಿದುಳಿಗೇರಿದ ಜ್ವರವೆಂದು ದವಾಖಾನೆಯಲ್ಲಿ ಗೊತ್ತಾಗುವ ಹೊತ್ತಿಗೆ ಅವಳು ಯಾರನ್ನೂ ಗುರುತಿಸುತ್ತಿರಲಿಲ್ಲ. ಮೂರನೇ ದಿನ ಹೋದಳು.

ಅದೇ ದಿನಗಳಲ್ಲಿ ನಾಗಲಿಂಗನ ತಾಯಿ ಗುರುಲಿಂಗವ್ವ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಇಳಕಲ್ಲಿನ ಮನೆಯಲ್ಲಿ ಮಗುವಿಗೆ ಹಾಲು ಕಾಯಿಸಿ ಕೊಡಲಿಕ್ಕೂ ಕೈಗಳಿರಲಿಲ್ಲ. ಸುನಂದಾಳ ದಿನ ಮಾಡಿದ ಮರುವಾರ ನಾಗಲಿಂಗ ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಗುಳೇದಗುಡ್ಡಕ್ಕೆ ಬಂದ. "ಅಕ್ಕಾ, ಒಂದಾರು ತಿಂಗಳು ನೋಡ್ಕೋರಿ" ಎಂದು ಅವಳ ಕೈಯಲ್ಲಿಟ್ಟ.

ಆ ಹೊತ್ತಿಗೆ ಶಾರವ್ವನಿಗೇ ಮದುವೆ ಗೊತ್ತಾಗಿತ್ತು. ತಂಗಿಯದು ಮುಗಿಯಲಿ ಎಂದು ಮುಂದೆ ಹಾಕುತ್ತ ಬಂದ ಮದುವೆ. ಬೀಗರಾಗುವವರು ಒಳ್ಳೆಯ ಮನೆಯವರೇ. ಮಗು ಬಂದದ್ದು ತಿಳಿದು ಅವರು ಹೇಳಿ ಕಳಿಸಿದರು: ಕೂಸನ್ನು ಅದರ ಅಪ್ಪನ ಮನೆಗೆ ಮುಟ್ಟಿಸಿ, ಆಮೇಲೆ ಮದುವೆಯ ಅಕ್ಕಿಕಾಳು. ಅಂದಾನಪ್ಪ ತಂಗಿಯನ್ನು ಬೇಡಿಕೊಂಡ, ಬೈದ, ಎರಡು ವರ್ಷ ಮಾತು ಬಿಟ್ಟ. ಅವಳು ಜಗ್ಗಲಿಲ್ಲ.

"ಎಂಥಾ ದೊಡ್ಡ ತ್ಯಾಗ ಮಾಡೀರಿ" ಎಂದು ನಾನೊಮ್ಮೆ ಅಂದದ್ದಕ್ಕೆ ಅವಳಿಗೆ ಸಿಟ್ಟು ಬಂದಿತ್ತು.

"ತ್ಯಾಗ ಗೀಗ ಏನಿಲ್ರಿ. ಆ ಮನಿಯವರಿಗೆ ಕೂಸು ಬ್ಯಾಡಾಗಿತ್ತು, ನನಗ ಆ ಮನಿ ಬ್ಯಾಡಾತು. ಅಷ್ಟ."

ಆರು ತಿಂಗಳು ಮೂರು ವರ್ಷವಾಯಿತು. ನಾಗಲಿಂಗ ಹಬ್ಬಕ್ಕೊಮ್ಮೆ ಫ್ರಾಕು, ಬೊಂಬೆ ತಂದುಕೊಟ್ಟು ಹೋಗುತ್ತಿದ್ದ. ಆಮೇಲೆ ಅವನಿಗೆ ಎರಡನೇ ಮದುವೆಯಾಯಿತು. ಹೊಸ ಹೆಂಡತಿಯನ್ನು ಕರೆದುಕೊಂಡು ಒಮ್ಮೆ ಬಂದವನು, "ಇನ್ನ ಮನಿಯೊಳಗ ಹೆಣ್ಣಮಗಳು ಬಂದಾಳಲ್ಲಕ್ಕಾ, ಬನಶಂಕರೀನ ಒಯ್ತೇನಿ" ಎಂದ. ಮಗು ಶಾರವ್ವನ ಸೀರೆಯ ಹಿಂದೆ ಅಡಗಿಕೊಂಡು ಹೊರಗೆ ಬರಲಿಲ್ಲ. ಅವನು ಮುಂದೆ ನೋಡೋಣ ಎಂದು ಹೋದ. ಆಮೇಲೆ ವಾರಕ್ಕೊಂದು ಫೋನು, ಅದೇ ಮಾತು. ಮಗುವಿಗೆ ನಾಲ್ಕು ತುಂಬಿದ ಮೇಲೆ ಫೋನೂ ನಿಂತಿತು. ಮುಂದಿನ ನಾಲ್ಕು ವರ್ಷ ಅವನ ಸುದ್ದಿಯಿಲ್ಲ. ಬನಶಂಕರಿ ಮೂರನೇ ಇಯತ್ತೆಗೆ ಬಂದಾಗ ಈ ನೋಟೀಸು.

"ನೋಡ್ರಿ ಶಾರವ್ವಕ್ಕ," ಎಂದೆ ನಾನು, "ಅವ್ವ ಇಲ್ಲದ ಕೂಸಿಗೆ ಅಪ್ಪನ ನೈಸರ್ಗಿಕ ಪಾಲಕ. ಕಾಯ್ದೆ ಹಂಗಂತೈತಿ. ದೊಡ್ಡವ್ವನ ಹೆಸರು ಆ ಸಾಲಿನಾಗ ಇಲ್ಲ. ಆದ್ರ ಅದ ಕಾಯ್ದೆ ಇನ್ನೊಂದು ಮಾತು ಹೇಳ್ತೈತಿ: ಎಲ್ಲಾದಕ್ಕೂ ಮ್ಯಾಲ ಕೂಸಿನ ಹಿತ. ಯಾರ ಹಕ್ಕು ದೊಡ್ಡದು ಅಂತ ಕೋರ್ಟು ತೂಗೂದಿಲ್ಲ. ಯಾರ ಹಂತ್ಯಾಕ ಇದ್ರ ಹುಡುಗಿ ಚೊಲೊ ಬೆಳಿತಾಳ ಅಂತ ನೋಡ್ತೈತಿ."

ಅವಳು ಚೀಲದಿಂದ ಕಾಗದಗಳನ್ನು ತೆಗೆದಳು. ಚುಚ್ಚುಮದ್ದಿನ ಕಾರ್ಡು, ಅಂಗನವಾಡಿಯ ಚೀಟಿ, ಮೂರು ವರ್ಷದ ಪ್ರಗತಿ ಪತ್ರ, ಜನನ ಪ್ರಮಾಣಪತ್ರ. ಸಾಲಿ ದಾಖಲಾತಿಯ ನಕಲು ನೋಡಿದೆ. ತಾಯಿ: ಸುನಂದಾ. ತಂದೆ: ನಾಗಲಿಂಗ. ಎಲ್ಲಿಯೂ ಶಾರವ್ವ ತನ್ನ ಹೆಸರು ತುರುಕಿರಲಿಲ್ಲ. ಮಗು ಅವಳನ್ನು ಅವ್ವ ಎಂದೇ ಕರೆಯುತ್ತಿತ್ತು. ಆದರೆ ಹೆತ್ತವ್ವ ಫೋಟೋದಲ್ಲಿದ್ದಾಳೆ, ಅಪ್ಪ ಇಳಕಲ್ಲಿನಲ್ಲಿದ್ದಾನೆ ಎಂಬುದು ಅದಕ್ಕೆ ಗೊತ್ತಿತ್ತು.

ಕೇಸು ಗಟ್ಟಿಯಾಗಿದೆ ಅನ್ನಿಸಿತು. ಆಗ ನಾಗಲಿಂಗನ ಅರ್ಜಿಯ ಒಂಬತ್ತನೇ ಪ್ಯಾರಾ ಓದಿದೆ. ತಾನು ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದೆ, ಶಾರವ್ವ ಬೇಕೆಂದೇ ನಂಬರ್ ಬದಲಿಸಿ ಮಗಳಿಂದ ತನ್ನನ್ನು ದೂರ ಮಾಡಿದಳು ಎಂದು ಬರೆದಿತ್ತು.

"ಇದು ಖರೇ ಏನ್ರಿ?"

ಅವಳು ಬಾಗಿಲ ಕಡೆ ನೋಡಿದಳು. ಉತ್ತರ ಕೊಟ್ಟವನು ಅಂದಾನಪ್ಪ. "ಫೋನ್ ನೀರಾಗ ಬಿದ್ದಿತ್ತು ಅನ್ನೂಣ್ರಿ ಮೇಡಮ್. ಹೊಸಾ ಸಿಮ್ ತಗೊಂಡ್ವಿ. ಯಾರಿಗೆ ಗೊತ್ತಾಗ್ತೈತಿ?"

"ಸುಳ್ಳು ಹೇಳ್ರಿ ಅಂತ ನಾ ಹೇಳೂದಿಲ್ಲ" ಎಂದೆ. "ಕೇಳಿದ್ದಕ್ಕಷ್ಟ ಉತ್ತರ ಕೊಡ್ರಿ. ತಾವಾಗಿ ಏನೂ ಹೇಳಾಕ ಹೋಗಬ್ಯಾಡ್ರಿ."

ಕೋರ್ಟಿಗೆ ಕೊಟ್ಟ ನಮ್ಮ ಲಿಖಿತ ತಕರಾರಿನಲ್ಲಿ ಆ ಪ್ಯಾರಾಕ್ಕೆ, 'ಇದನ್ನು ಅರ್ಜಿದಾರರು ಸಾಬೀತುಪಡಿಸತಕ್ಕದ್ದು' ಎಂದಷ್ಟೇ ಬರೆದೆ. ವಕೀಲರು ನಡೆದು ನಡೆದು ಸವೆಸಿದ ದಾರಿ ಅದು. ಸುಳ್ಳಲ್ಲ, ಖರೆಯೂ ಅಲ್ಲ.

ಕುಟುಂಬ ನ್ಯಾಯಾಲಯದಲ್ಲಿ ಎಲ್ಲಕ್ಕಿಂತ ಮೊದಲು ರಾಜಿಗೆ ಪ್ರಯತ್ನ ನಡೆಯುತ್ತದೆ. ಆಪ್ತಸಮಾಲೋಚಕಿ ಇಬ್ಬರನ್ನೂ ಕೂರಿಸಿ ಮಾತಾಡಿಸಿದರು. ರಾಜಿಯಾಗಲಿಲ್ಲ. ಆದರೆ ಕೇಸು ಮುಗಿಯುವ ತನಕ ತಿಂಗಳಿಗೆ ಎರಡು ಶನಿವಾರ, ಕೋರ್ಟಿನ ಮಕ್ಕಳ ಕೋಣೆಯಲ್ಲಿ ಎರಡು ತಾಸು ಅಪ್ಪ ಮಗಳನ್ನು ನೋಡಬೇಕೆಂದು ನ್ಯಾಯಾಧೀಶರು ಆದೇಶ ಮಾಡಿದರು.

ಮೊದಲ ಶನಿವಾರ ಕೆಟ್ಟದಾಗಿ ಹೋಯಿತು. ನಾಗಲಿಂಗ ಹೊಸ ಅಂಗಿ ಹಾಕಿಕೊಂಡು, ಅಮೀನಗಡದ ಕರದಂಟಿನ ಡಬ್ಬಿ ಹಿಡಿದು ಬಂದಿದ್ದ. ಬನಶಂಕರಿ ಶಾರವ್ವನ ಸೆರಗನ್ನು ಮುಷ್ಟಿಯಲ್ಲಿ ಸುತ್ತಿಕೊಂಡಿತು. ಎರಡು ತಾಸೂ ಅವನು ಒಂದು ಸಣ್ಣ ಕುರ್ಚಿಯ ಮೇಲೆ, ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತಿದ್ದ. ಡಬ್ಬಿಯನ್ನು ಹಾಗೇ ಬಿಟ್ಟು ಹೋದ.

ಎರಡನೇ ಸಲವೂ ಅದೇ. ಅವತ್ತು ಸಮಾಲೋಚಕಿ ಶಾರವ್ವನನ್ನು ಬದಿಗೆ ಕರೆದು, "ನೀವು ಕಣ್ಣ ಮುಂದ ಕುಂತ್ರ ಕೂಸು ನಿಮ್ಮ ಮಾರಿ ನೋಡ್ತೈತ್ರಿ. ನಿಮ್ಮ ಮಾರಿ ಮ್ಯಾಲ ಏನೈತಿ ಅದನ್ನ ಓದ್ತೈತಿ" ಎಂದರು. ಗುಳೇದಗುಡ್ಡದ ಬಸ್ಸಿನಲ್ಲಿ ಕೂತ ಮೇಲೆ ಶಾರವ್ವ ಮಗುವಿಗೆ ಹೇಳಿದಳಂತೆ: "ನಿಮ್ಮಪ್ಪ ನಿನಗ ಕೆಟ್ಟದ್ದು ಏನೂ ಮಾಡಿಲ್ಲ ತಂಗೀ. ಅವನ ಹಂತ್ಯಾಕ ಕುಂತ್ರ ನನಗ ಸಿಟ್ಟು ಬರೂದಿಲ್ಲ. ನನ್ನ ಆಣಿ."

ಮೂರನೇ ಶನಿವಾರ ಅವಳು ಮಗುವಿಗೆ ಎರಡು ಜಡೆ ಹೆಣೆದು, ಹಸಿರು ಖಣದ ಝಂಪರು, ಪರಕಾರ ತೊಡಿಸಿ ಕರೆತಂದಳು. ಕೋಣೆಯ ಬಾಗಿಲ ತನಕ ಬಿಟ್ಟು, ಹೊರಗೆ ಬೇವಿನ ಗಿಡದ ಕೆಳಗೆ ಕೋಣೆಗೆ ಬೆನ್ನು ಮಾಡಿ ಕೂತಳು. ನಾನು ಬೇರೆ ಕೇಸು ಮುಗಿಸಿ ಬಂದು ಪಕ್ಕದಲ್ಲಿ ಕೂತೆ. ಒಳಗಿನಿಂದ ಮಗು ನಗುವುದು ಕೇಳಿಸಿತು. ನಾಗಲಿಂಗ ಫೋನಿನಲ್ಲಿ ತನ್ನ ಎರಡು ವರ್ಷದ ಕಿರಿಮಗಳ ವಿಡಿಯೋ ತೋರಿಸುತ್ತಿದ್ದನಂತೆ. ಆ ಮಗು ಮೇಕೆಗೆ ಹೆದರಿ ಓಡುವ ವಿಡಿಯೋ.

"ಕೂಸು ನಕ್ಕರ ಸಂತೋಷ ಆಗಬೇಕಲ್ರಿ ಅಕ್ಕಾರ?" ಎಂದಳು ಶಾರವ್ವ. "ನನಗ ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗೇತಿ."

ನಾನು ಅವಳ ಕೈ ಹಿಡಿದುಕೊಂಡೆ. ಅವಳೇ ಕೊಡವಿಕೊಂಡು ಎದ್ದು, ಮಗುವಿಗೆ ನೀರಿನ ಬಾಟಲಿ ತುಂಬಿಸಿಕೊಂಡು ಬರಲು ಹೋದಳು.

ಸಾಕ್ಷಿ ಮೊದಲು ಅರ್ಜಿದಾರನದು. ಕೌಟುಂಬಿಕ ಕೇಸಾದ್ದರಿಂದ ಬೇರೆಯವರನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಮುಚ್ಚಿ ವಿಚಾರಣೆ ನಡೆಯಿತು. ನ್ಯಾಯಾಧೀಶರು ಮೈಸೂರು ಕಡೆಯವರು, ಮೆಲ್ಲಗೆ ಮಾತಾಡುವವರು. ನಾಗಲಿಂಗ ತನ್ನ ಮನೆ, ಸಂಬಳ, ಹೆಂಡತಿಯ ಒಪ್ಪಿಗೆ ಎಲ್ಲ ಹೇಳಿದ. ಫೋನಿನ ಮಾತೂ ಹೇಳಿದ. ನಾನು ಪಾಟಿಸವಾಲಿಗೆ ಎದ್ದು, ನಂಬರ್ ನಿಂತ ಮೇಲೆ ಎಷ್ಟು ಸಲ ಗುಳೇದಗುಡ್ಡಕ್ಕೆ ಹೋಗಿದ್ದಿರಿ ಎಂದು ಕೇಳಿದೆ. ಅವನು ತನ್ನ ವಕೀಲರ ಕಡೆ ನೋಡಿದ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು.

"ಫೋನ್ ಬಂದ್ ಆಗಿತ್ತು, ಸರಿ. ಇಳಕಲ್ಲಿನಿಂದ ಬಸ್ಸು ಬಂದ್ ಆಗಿತ್ತಾ?"

"ಇಲ್ರಿ ಸಾಹೇಬ್ರ" ಎಂದ ನಾಗಲಿಂಗ. "ಎರಡು ತಾಸಿನ ದಾರಿ ರೀ. ಎರಡು ಸಲ ಹುನಗುಂದದ ಸ್ಟ್ಯಾಂಡಿನ ತನಕ ಬಂದು ತಿರುಗಿ ಹೋಗೇನಿ. ಏನಂತ ಮಾರಿ ತೋರ್ಸ್ಲಿ ಅಂತ ಅಂಜಿಕಿ ಬರ್ತಿತ್ತು" ಎಂದ.

ನನ್ನ ಕೇಸಿಗೆ ಅದು ಬಹಳ ಒಳ್ಳೆಯ ಉತ್ತರ. ಆಫೀಸಿಗೆ ಬಂದು, ಇನ್ನು ನಾವು ಗೆದ್ದಂತೆಯೇ ಎಂದು ಅಂದಾನಪ್ಪನಿಗೆ ಹೇಳಿದೆ. ಮುಂದಿನ ತಿಂಗಳು ಶಾರವ್ವ ಸಾಕ್ಷಿ ಕಟಕಟೆಗೆ ಬಂದಳು.

ಎದುರಿನ ವಕೀಲರು ಹಿರಿಯರು, ಅನುಭವಸ್ಥರು. ಮೊದಲು ಅವಳ ದುಡಿಮೆಯ ಬಗ್ಗೆ ಕೇಳಿದರು. ಮದುವೆಯಾಗದ ನೀವು ಮಗುವಿನ ಭವಿಷ್ಯ ಹೇಗೆ ನೋಡಿಕೊಳ್ಳುತ್ತೀರಿ ಎಂದು ಕೇಳಿದರು. ಮಗುವನ್ನು ಮಗ್ಗದ ಕೆಲಸಕ್ಕೆ ಹಚ್ಚುತ್ತೀರಲ್ಲವೇ ಎಂದರು. ಅವಳು ಒಂದೊಂದಕ್ಕೂ ಸಣ್ಣ ಉತ್ತರ ಕೊಟ್ಟಳು. ಆಮೇಲೆ ಅವರು ಒಂಬತ್ತನೇ ಪ್ಯಾರಾಕ್ಕೆ ಬಂದರು.

"ನಿಮ್ಮ ಹಳೇ ನಂಬರ್ ಯಾಕ ಬಂದಾತು?"

ನಾನು ಅವಳ ಕಡೆ ನೋಡಿದೆ. ನೆನಪಿಲ್ಲ ಎಂದರೂ ಸಾಕಿತ್ತು. ಅವರ ಹತ್ತಿರ ಬೇರೆ ಪುರಾವೆ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ನಾನೇ ಹೇಳಿದ್ದೆ.

ಶಾರವ್ವ ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದಳು.

"ನಾನ ಬದಲಿ ಮಾಡೇನ್ರಿ."

"ಯಾಕ?"

"ಅವರು ಕೂಸನ್ನ ಒಯ್ತೇನಿ, ಒಯ್ತೇನಿ ಅಂತಿದ್ರು. ಫೋನ್ ಬಂತಂದ್ರ ಕೂಸನ್ನ ಎತ್ತಿಕೊಂಡು ಒಳಗ ಹೋಗ್ತಿದ್ದೆ. ಒಂದಿನ ಪ್ಯಾಟ್ಯಾಗಿನ ಅಂಗಡಿಗೆ ಹೋಗಿ ಬ್ಯಾರೆ ಸಿಮ್ ತಗೊಂಡೆ. ಹಳೇದನ್ನ ಕತ್ತರಿಸಿ ಒಲಿಗೆ ಹಾಕಿದೆ."

"ಹಂಗಾದ್ರ ಅಪ್ಪನಿಂದ ಮಗಳನ್ನ ಬೇಕಂತನ ದೂರ ಮಾಡಿದ್ರಿ ಅಂದಂಗಾತು."

"ಹೌದ್ರಿ, ಮಾಡಿದೆ. ಕೂಸಿಗೆ ಅಪ್ಪನ ದನಿ ಕೇಳದಂಗ ಮಾಡಿದೆ. ಅವರು ಬರಲಿಲ್ಲ, ಅದು ಅವರದು. ನಾ ಮಾಡಿದ್ದು ನನ್ನ ತಪ್ಪು. ಇಲ್ಲ ಅನ್ನಾಕ ನನಗ ಆಗೂದಿಲ್ರಿ. ನಾಳೆ ಹುಡುಗಿ ದೊಡ್ಡಾಕಿ ಆಗಿ, ಅವ್ವಾ ನೀ ಕೋರ್ಟಿನಾಗ ಏನಂದಿ ಅಂತ ಕೇಳಿದ್ರ ನಾ ಏನ್ ಹೇಳ್ಲಿ?"

ಎದುರಿನ ವಕೀಲರು ಇನ್ನೇನೋ ಕೇಳಲು ಹೊರಟವರು ಕಾಗದ ತಿರುವಿ, ಮುಗಿಯಿತು ಎಂದು ಕೂತರು. ಹಿಂದಿನ ಬೆಂಚಿನಲ್ಲಿ ನಾಗಲಿಂಗ ಟವೆಲಿನಿಂದ ಮುಖ ಮುಚ್ಚಿಕೊಂಡಿದ್ದ.

ಹೊರಗೆ ಬಂದ ಮೇಲೆ ವಿಷಯ ತಿಳಿದು ಅಂದಾನಪ್ಪ ತಂಗಿಗೆ ಬಾಯಿಗೆ ಬಂದಂತೆ ಅಂದ. ನನಗೂ ಅಂಜಿಕೆಯಿತ್ತು. ಅಪ್ಪನಿಂದ ಮಗುವನ್ನು ದೂರ ಮಾಡಿದವರನ್ನು ಕೋರ್ಟು ಹಗುರವಾಗಿ ಬಿಡುವುದಿಲ್ಲ. ಅಂಥ ತೀರ್ಪುಗಳನ್ನು ನಾನು ಓದಿದ್ದೆ. ಅವಳು ಮಾತ್ರ ಕೊಳಾಯಿಯಲ್ಲಿ ಮುಖ ತೊಳೆದುಕೊಂಡು ಬಂದು, "ನಾ ನಿಮ್ಮ ಕೆಲಸ ಕೆಡಿಸಿದೆ ಅಲ್ರಿ ಅಕ್ಕಾರ?" ಎಂದಳು.

"ಕೆಟ್ಟರ ಕೆಡ್ಲಿ" ಎಂದೆ. ಹಾಗೆ ಅಂದದ್ದು ನಾನೇ ಎಂದು ನನಗೇ ನಂಬಿಕೆ ಬರಲಿಲ್ಲ.

ಅದಾದ ವಾರ ನ್ಯಾಯಾಧೀಶರು ಬನಶಂಕರಿಯನ್ನು ತಮ್ಮ ಚೇಂಬರಿಗೆ ಕರೆಸಿಕೊಂಡರು. ವಕೀಲರೂ ಇಲ್ಲ, ಮನೆಯವರೂ ಇಲ್ಲ. ಮಗು ಅರ್ಧ ತಾಸು ಒಳಗಿತ್ತು. ಏನು ಮಾತಾಯಿತು ಎಂಬುದು ಸ್ವಲ್ಪ ತೀರ್ಪಿನಿಂದ, ಸ್ವಲ್ಪ ಮಗುವಿನ ಬಾಯಿಂದ ಆಮೇಲೆ ತಿಳಿಯಿತು. ಮೊದಲು ಅವರು ಯಾವ ಆಟ ಇಷ್ಟ, ಗೆಳತಿಯರು ಯಾರು ಎಂದು ಕೇಳಿದರಂತೆ. ಮನೆಯಲ್ಲಿ ನೀನು ಮಗ್ಗದಲ್ಲಿ ಕೂರುತ್ತೀಯಾ ಎಂದಾಗ, "ಮುಟ್ಟಾಕ ಬಿಡೂದಿಲ್ರಿ. ಹತ್ತನೇ ಇಯತ್ತೆ ಪಾಸಾದ ಮ್ಯಾಲ ಕಲಸ್ತೇನಿ ಅಂತಾಳ. ನನಗ ಈಗ ಕಲೀಬೇಕಾಗೇತಿ, ನೀವರ ಹೇಳ್ರಿ" ಎಂದು ದೂರು ಕೊಟ್ಟಿತಂತೆ. ಎಲ್ಲಿರಬೇಕು ನಿನಗೆ ಎಂಬುದಕ್ಕೆ, "ಅವ್ವನ ಮನ್ಯಾಗ. ಅಪ್ಪನ ಮನಿಗೆ ಹೋಗಿ ತಂಗೀನ ನೋಡಿ ಬರ್ತೇನಿ. ಹೋದ್ರ ತಿರುಗಿ ಕಳಸ್ತಾರಲ್ರಿ?" ಎಂದು ಕೇಳಿತಂತೆ.

ಆ ಕೊನೆಯ ಪ್ರಶ್ನೆಯನ್ನು ನ್ಯಾಯಾಧೀಶರು ಮಗುವಿನ ಮಾತಿನಲ್ಲೇ ತೀರ್ಪಿನಲ್ಲಿ ಬರೆಸಿದ್ದಾರೆ.

ತೀರ್ಪಿಗೆ ಮೊದಲು ಕೊನೆಯ ವಾದದ ದಿನ, ಒಂದು ವೇಳೆ ಮಗು ಶಾರವ್ವನಲ್ಲಿಯೇ ಉಳಿದರೆ ತಂದೆಗೆ ಎಷ್ಟು ಭೇಟಿ ಇರಬೇಕು ಎಂದು ಕೋರ್ಟು ಕೇಳಿತು. ಅವರ ವಕೀಲರು ತಿಂಗಳಿಗೆ ಎರಡು ಭಾನುವಾರ ಎಂದರು. ನಾನು ಒಪ್ಪಿಗೆ ಎನ್ನುವಷ್ಟರಲ್ಲಿ ಶಾರವ್ವ ಹಿಂದಿನಿಂದ ನನ್ನ ಕೋಟಿನ ತೋಳು ಜಗ್ಗಿದಳು.

"ದಸರಾ ಸೂಟಿ ಅರ್ಧಾ ಅಲ್ಲಿರಲಿ ಅನ್ರಿ. ಬ್ಯಾಸಗಿ ಸೂಟ್ಯಾಗೂ."

"ಶಾರವ್ವಕ್ಕ, ಅವರು ಕೇಳಿಲ್ಲ" ಎಂದು ಪಿಸುಗುಟ್ಟಿದೆ.

"ಅವರು ಕೇಳದಿದ್ರೇನಾತ್ರಿ? ನನಗ ಏನರ ಹೆಚ್ಚುಕಡಿಮಿ ಆದ್ರ ಈ ಕೂಸಿಗೆ ಇನ್ನೊಂದು ಮನಿ ಗೊತ್ತಿರಬೇಕೋ ಬ್ಯಾಡೋ? ಎರಡು ತಾಸು ಕುಂತು ಬಂದ್ರ ಅದು ಮನಿ ಆಗೂದಿಲ್ಲ."

ನಾನು ಎದ್ದು ಹಾಗೆಯೇ ಹೇಳಿದೆ. ಎದುರಿನ ವಕೀಲರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಹದಿಮೂರು ವರ್ಷದಲ್ಲಿ ಎದುರು ಪಕ್ಷ ಕೇಳಿದ್ದಕ್ಕಿಂತ ಹೆಚ್ಚು ಕೊಡಿ ಎಂದು ನಾನು ವಾದಿಸಿದ್ದು ಅದೊಂದೇ ಸಲ.

ತೀರ್ಪು ಬಂದದ್ದು ಶ್ರಾವಣದಲ್ಲಿ. ತಂದೆ ನೈಸರ್ಗಿಕ ಪಾಲಕನಾಗಿಯೇ ಇರುತ್ತಾನೆ. ಸಾಲಿ, ದವಾಖಾನೆಯ ದೊಡ್ಡ ನಿರ್ಧಾರಗಳಲ್ಲಿ ಅವನನ್ನು ಕೇಳಬೇಕು. ಎರಡು ಭಾನುವಾರ, ಸೂಟಿಯ ಅರ್ಧ ಅವನಿಗೆ. ಯಾರೂ ಫೋನ್ ತಪ್ಪಿಸುವಂತಿಲ್ಲ. ಆದರೆ ಮಗುವಿನ ವಾಸ ಮತ್ತು ಪಾಲನೆ ದೊಡ್ಡವ್ವ ಶಾರವ್ವನಲ್ಲಿಯೇ. ನಾಲ್ಕು ತಿಂಗಳ ಕೂಸಾಗಿದ್ದಾಗಿನಿಂದ ಬೆಳೆದ ಮನೆ, ಓಣಿ, ಸಾಲಿಯಿಂದ ಮಗುವನ್ನು ಕಿತ್ತರೆ ಹಿತವಾಗುವುದಿಲ್ಲ ಎಂಬುದು ಮುಖ್ಯ ಕಾರಣ. ನಂಬರ್ ಬದಲಿಸಿದ್ದು ತಪ್ಪು ಎಂದು ಸ್ಪಷ್ಟವಾಗಿಯೇ ಬರೆದು, ಅದರ ಕೆಳಗೆ ಇನ್ನೊಂದು ವಾಕ್ಯ ಸೇರಿಸಿದ್ದರು: ತನಗೆ ಹಾನಿಯಾಗುತ್ತದೆ ಎಂದು ತಿಳಿದೂ ಸತ್ಯ ನುಡಿದ ಈ ಹೆಣ್ಣುಮಗಳು, ಇನ್ನು ಮುಂದೆ ಮಗುವಿಗೂ ತಂದೆಗೂ ನಡುವೆ ಗೋಡೆಯಾಗುವುದಿಲ್ಲ ಎಂದು ಈ ನ್ಯಾಯಾಲಯ ನಂಬುತ್ತದೆ.

ಆ ಸಾಲು ಓದಿ ಹೇಳಿದಾಗ ಶಾರವ್ವ ಕೋರ್ಟಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅತ್ತಳೇ ಎಂದರೆ, ಇಲ್ಲ. "ಇನ್ನೊಮ್ಮೆ ಓದ್ರಿ" ಎಂದಳು. ಇನ್ನೊಮ್ಮೆ ಓದಿದೆ. ಅಂದಾನಪ್ಪ ದೂರ ನಿಂತು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. ಆಮೇಲೆ ತಂಗಿಗೆ ಚಹಾ ತಂದುಕೊಟ್ಟ.

ಮಗುವಿನ ವಿಷಯದ ಆದೇಶ ಯಾವತ್ತೂ ಕೊನೆಯದಲ್ಲ, ಹುಡುಗಿ ಬೆಳೆದಂತೆ ಬದಲಿಸಿಕೊಳ್ಳಬಹುದು ಎಂದು ನಾನು ತಿಳಿಸಿ ಹೇಳಿದೆ. "ಬೆಳೀಲಿ ಬಿಡ್ರಿ, ಅದು ಬೆಳೀಲಿ ಅಂತನ ಅಲ್ಲೇನ್ರಿ ಇಷ್ಟೆಲ್ಲಾ" ಎಂದಳು.

ಮೊದಲ ದಸರಾ ಸೂಟಿಗೆ ಅವಳೇ ಮಗುವನ್ನು ಇಳಕಲ್ಲಿಗೆ ಮುಟ್ಟಿಸಲು ಹೋದಳು. ಗುರುಲಿಂಗವ್ವ ಕೋಲೂರಿಕೊಂಡು ಬಾಗಿಲಿಗೆ ಬಂದು, "ಬಾರವಾ" ಎಂದು ಶಾರವ್ವನ ಕೈ ಹಿಡಿದು ಒಳಗೆ ಕರೆದುಕೊಂಡಳು. ಮುದುಕಿ ಮೊಮ್ಮಗಳ ಮುಖ ಸವರಿ, "ಸುನಂದಾನ ಮೂಗು" ಎಂದಳಂತೆ. ನಾಗಲಿಂಗನ ಹೆಂಡತಿ ರೊಟ್ಟಿ ಬಡಿಯುತ್ತಿದ್ದವಳು ಎದ್ದು, ಏನು ಮಾತಾಡಬೇಕೆಂದು ತಿಳಿಯದೆ ಎರಡು ಸಲ ನೀರು ಕೊಟ್ಟಳಂತೆ. ಶಾರವ್ವ ಉಂಡು, ಮಗುವಿಗೆ ರಾತ್ರಿ ಹಾಲು ಬೇಡವೆಂದೂ, ಬೆಳಗಿನ ಹೊತ್ತು ಎಬ್ಬಿಸಿದರೆ ಮುನಿಸಿಕೊಳ್ಳುತ್ತದೆಂದೂ ಹೇಳಿ, ಒಬ್ಬಳೇ ಹುನಗುಂದದ ಬಸ್ಸು ಹತ್ತಿದಳು. ಆ ಎಂಟು ದಿನ ಅವಳು ನೇಯ್ದಷ್ಟು ಖಣ ಆ ವರ್ಷ ಮತ್ಯಾವ ವಾರವೂ ನೇಯಲಿಲ್ಲ ಎಂದು ಓಣಿಯವರು ಹೇಳಿದರು. ಲಾಳಿಯ ಸದ್ದು ಬೆಳಗಿನಿಂದ ದೀಪ ಹಚ್ಚುವ ತನಕ ನಿಲ್ಲುತ್ತಿರಲಿಲ್ಲವಂತೆ.

ಎಲ್ಲ ಸುಸೂತ್ರವಾಗಿದೆ ಎಂದು ನಾನು ಹೇಳುವುದಿಲ್ಲ. ಒಂದು ಭಾನುವಾರ ನಾಗಲಿಂಗ ಬರುವೆನೆಂದು ಬರಲಿಲ್ಲ, ಮಗು ಹೊಸ ಬಟ್ಟೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತೇ ಇತ್ತು. ಶಾರವ್ವ ಫೋನ್ ಮಾಡಿ ಅವನಿಗೆ ಸರಿಯಾಗಿ ಬೈದಳು. ಮುಂದಿನ ಸಲದಿಂದ ಅವನು ಹಿಂದಿನ ದಿನವೇ ತಿಳಿಸುತ್ತಾನೆ. ಒಮ್ಮೆ ಇಳಕಲ್ಲಿನಿಂದ ಬಂದ ಹುಡುಗಿ ಅಲ್ಲಿಯ ಟಿ.ವಿ. ದೊಡ್ಡದು ಎಂದು ನಾಲ್ಕು ದಿನ ಹೇಳುತ್ತಲೇ ಇತ್ತು. ಶಾರವ್ವ ಕೇಳಿಸಿಕೊಳ್ಳುತ್ತಲೇ ಇದ್ದಳು.

ಈಗ ಬನಶಂಕರಿಗೆ ಹನ್ನೊಂದು. ಹೋದ ತಿಂಗಳು ಅವರ ಸಾಲಿಯಲ್ಲಿ ಪಾಲಕರ ಸಭೆ ಇತ್ತು. ಶಾರವ್ವ ನಾಗಲಿಂಗನಿಗೆ ಮೊದಲೇ ತಿಳಿಸಿದ್ದಳು. ಅವನು ರಜೆ ಹಾಕಿ ಬಂದು ಅವಳ ಪಕ್ಕದ ಬೆಂಚಿನಲ್ಲಿ ಕೂತಿದ್ದ. ಹೊಸದಾಗಿ ಬಂದ ಶಿಕ್ಷಕಿ ಹೆಸರು ಓದಿ, ಇಬ್ಬರನ್ನೂ ನೋಡಿ, "ಬನಶಂಕರಿಯ ಪಾಲಕರು ಯಾರ್ರಿ?" ಎಂದು ಕೇಳಿದರು. ನಾಗಲಿಂಗ ಎದ್ದು ನಿಂತ.

"ನಾ ಆಕಿ ಅಪ್ಪ ರೀ. ಪಾಲಕರು ಇವರು" ಎಂದು ಶಾರವ್ವನನ್ನು ತೋರಿಸಿದ.

ಇದನ್ನು ಅವಳು ಅವತ್ತೇ ಸಂಜೆ ನನಗೆ ಫೋನ್ ಮಾಡಿ ಹೇಳಿದಳು. ದನಿಯಲ್ಲಿದ್ದ ಹೆಮ್ಮೆಯನ್ನು ಮುಚ್ಚಿಕೊಳ್ಳಲು ಅವಳಿಗೆ ಆಗುತ್ತಿರಲಿಲ್ಲ.

"ಆಮ್ಯಾಲ ನೀವೇನಂದ್ರಿ ಶಾರವ್ವಕ್ಕ?"

"ನಾ ಏನಂತೇನ್ರಿ? ಹುಡುಗಿಗೆ ಇಂಗ್ಲಿಷಿನಾಗ ಮಾರ್ಕ್ಸ್ ಕಡಿಮಿ ಬಂದಾವ. ಇಬ್ರೂ ಕೂಡಿ ಬೈಸ್ಕೊಂಡು ಬಂದ್ವಿ."